ಸೀಲು ಬಿದ್ದ ಸ್ಕ್ಯಾನ್ ರೂಮು

“ಇನ್ನೂ ಸ್ವಲ್ಪ ಕೆಳಗೆ ಜಾರಿ ಮೇಡಂ. ಮಂಚದ ಅಂಚಿಗೇ ಬರ್ಬೇಕು.”

ಫಿನೈಲ್ ಮೇಡಂ ಜಾರಿದರು. ಮಂಚಕ್ಕೆ ಹಾಸಿದ್ದ ಕಾಗದ ಬೆನ್ನ ಕೆಳಗೆ ಚರಪರ ಅಂದು ಒಂದು ಕಡೆ ಹರಿಯಿತು. ಮೊಣಕಾಲು ಮಡಚಿ ಚಾವಣಿ ನೋಡುತ್ತಾ ಮಲಗಿದ ಅವರಿಗೆ ಮೊದಲು ಅನ್ನಿಸಿದ್ದು, ಹೀಗೇ ಒಂದು ಗಳಿಗೆ ಕಣ್ಣು ಮುಚ್ಚಿದರೆ ಎಷ್ಟು ಚೆನ್ನ ಎಂದು. ಸರಿಯಾಗಿ ನಿದ್ದೆ ಮಾಡಿ ಎಷ್ಟು ದಿನವಾಯಿತೆಂದು ಅವರೇ ಮರೆತಿದ್ದರು.

ಆಸ್ಪತ್ರೆಗಳ ಸಿಂಕು, ಕಕ್ಕಸು, ಕಸದ ಬುಟ್ಟಿಗಳಿಗೆ ಮೂಗು ತೂರಿಸುತ್ತಲೇ ಕೂದಲು ಬೆಳ್ಳಗಾಗಿಸಿಕೊಂಡ ತನಿಖಾಧಿಕಾರಿ ಅವರು. ಬೆನ್ನ ಹಿಂದೆ ಎಲ್ಲರೂ ಫಿನೈಲ್ ಮೇಡಂ ಅನ್ನುತ್ತಾರೆ. ಎದುರಿಗೆ ಅನ್ನುವ ಎದೆಗಾರಿಕೆ ಯಾರಿಗೂ ಇಲ್ಲ.

ಇದೇ ಮಂಚದ ಮೇಲೆ ಒಳಗಿನ ಸ್ಕ್ಯಾನ್ ಮಾಡಿಸಿಕೊಂಡು ಹೋದ ಹೆಂಗಸರಲ್ಲಿ ಕೆಲವರು ಒಬ್ಬರ ಹಿಂದೊಬ್ಬರು ಚಳಿಜ್ವರ, ಹೊಟ್ಟೆನೋವು ಅಂತ ಆಸ್ಪತ್ರೆ ಸೇರಿದ ಮೇಲೆ ರೂಮಿಗೆ ಸೀಲು ಬಿದ್ದಿತ್ತು. ಇವತ್ತು ಮೇಡಂ ತಾವೇ ನಿಂತು ಸೀಲು ಒಡೆಸಿದ್ದರು. ಸ್ಕ್ಯಾನ್ ಡಾಕ್ಟರಮ್ಮನನ್ನೂ ಪಕ್ಕದಲ್ಲಿ ನಿಂತು ಕೈಗೆ ಸಾಮಾನು ಕೊಡುವ ಆಯಾಳನ್ನೂ ಕರೆಸಿ, “ಯಾವಾಗಲೂ ಹೇಗೆ ಮಾಡ್ತೀರೋ ಹಾಗೇ ಮಾಡಿ ತೋರ್ಸಿ. ನಾನೇ ಪೇಷಂಟು. ಒಳಗೆ ತೂರಿಸೋ ಆ ಪ್ರೋಬನ್ನ ಮಾತ್ರ ನನ್ನ ಅಂಗೈ ಮೇಲೆ ಇಟ್ರೆ ಸಾಕು” ಅಂದಿದ್ದರು.

ಸೀಲು ಒಡೆಯಲು ಬಂದಿದ್ದ ಪೇದೆ ಬಾಗಿಲ ಬಳಿ ನಾಚಿಕೆಯಿಂದ ಗೋಡೆಗೆ ಮುಖ ಮಾಡಿ ನಿಂತಿದ್ದ. ಆ ಗೋಡೆಯ ಮೇಲಿರುವುದು ಗರ್ಭಕೋಶದ ಬಣ್ಣದ ಚಿತ್ರ ಎಂದು ತಿಳಿದ ಮೇಲೆ ಕಣ್ಣು ಮುಚ್ಚಿಕೊಂಡಿದ್ದ.

“ಹೆದ್ರಬೇಡಪ್ಪಾ, ಅದು ಕಚ್ಚಲ್ಲ” ಅಂದರು ಮೇಡಂ ಮಲಗಿದಲ್ಲಿಂದಲೇ.

“ನಾನು ಹೊರಗೆ ನಿಲ್ಲಲಾ ಮೇಡಂ?”

“ಬೇಡ. ಸಾಕ್ಷಿ ಬೇಕು. ಕಣ್ಣು ಬೇಕಾದ್ರೆ ಮುಚ್ಕೋ, ಕಿವಿ ತೆರೆದಿಟ್ಟುಕೋ.”

ಡಾಕ್ಟರಮ್ಮ ನಗಲಿಲ್ಲ. ಒಂದು ಜೊತೆ ಗ್ಲೌಸು ಹಾಕಿ, ಅದರ ಮೇಲೆ ಇನ್ನೊಂದು ಜೊತೆ ಏರಿಸಿದರು. ಕೊಳೆ ಅಂದರೆ ಆಗದವರು ಅನ್ನುವುದು ಊರಿಗೇ ಗೊತ್ತು. ಕುರ್ಚಿ ಮುಟ್ಟಿದರೂ ಕೈ ತೊಳೆಯುವವರು. ಅಂಥವರ ಮೇಲೆಯೇ ‘ಪ್ರೋಬಿಗೆ ಒಂದೇ ಕವರನ್ನು ಎಲ್ಲರಿಗೂ ಹಾಕ್ತಾರಂತೆ’ ಎಂಬ ಗುಲ್ಲು ಎದ್ದು, ಯಾರೋ ಒಬ್ಬಳ ಗಂಡ ಬಂದು ಮುಂಬಾಗಿಲ ಗಾಜು ಪುಡಿ ಮಾಡಿ ಹೋಗಿದ್ದ.

“ಶುರು ಮಾಡೋಣ್ವಾ?” ಅಂದರು ಡಾಕ್ಟರಮ್ಮ ಒಣ ದನಿಯಲ್ಲಿ.

ಪ್ರೋಬನ್ನು ಔಷಧದ ನೀರಿನ ಜಾಡಿಯಿಂದ ಎತ್ತಿದರು. ಶುದ್ಧ ನೀರಲ್ಲಿ ತೊಳೆದರು. ಹಿಡಿಕೆಯ ತುದಿಯ ತನಕ ಹೊಸ ಬಟ್ಟೆಯಲ್ಲಿ ಒರೆಸಿದರು. ಆಯಾ ಹೊಸ ರಬ್ಬರ್ ಕವರಿನ ಪೊಟ್ಟಣ ಹರಿದು, ಒಳಕ್ಕೆ ಲೋಳೆಯಂಥ ಜೆಲ್ ಬಿಟ್ಟು, ಬಾಯಿ ಅಗಲಿಸಿ ಹಿಡಿದಳು. ಡಾಕ್ಟರಮ್ಮ ಪ್ರೋಬನ್ನು ಅದರೊಳಗೆ ಇಳಿಸಿದರು. ಹೊರಗಡೆ ತುದಿಗೆ ಆಯಾ ಮತ್ತೆ ಒಂದಿಷ್ಟು ಜೆಲ್ ಹಾಕಿದಳು. ಡಾಕ್ಟರಮ್ಮ ಅದನ್ನು ಮೇಡಂ ಅಂಗೈ ಮೇಲಿಟ್ಟರು.

ತಣ್ಣಗೆ ಕೊರೆಯಿತು. ಅಷ್ಟೇ.

“ಆಮೇಲೆ?”

“ಆಮೇಲೆ ಕವರ್ ತೆಗೆದು ಆ ಬುಟ್ಟಿಗೆ. ಪ್ರೋಬು ಮತ್ತೆ ಜಾಡಿಗೆ. ಏನಾದ್ರೂ ತಪ್ಪು ಸಿಕ್ತಾ?”

ಸಿಕ್ಕಿರಲಿಲ್ಲ. ಮೇಡಂ ಹುಡುಕಿ ಹುಡುಕಿ ಸುಸ್ತಾಗಿದ್ದರು. ಪ್ರೋಬಿನಿಂದ, ಮಂಚದಿಂದ, ನಲ್ಲಿಯಿಂದ, ಮೇಜಿನ ಮೇಲಿದ್ದ ಜೆಲ್ ಬಾಟಲಿಯಿಂದ ಅವರ ತಂಡದವರು ತೆಗೆದ ಸ್ಯಾಂಪಲ್ಲುಗಳೆಲ್ಲ ಲ್ಯಾಬಿನಿಂದ ಶುದ್ಧ ಎಂದೇ ವಾಪಸು ಬಂದಿದ್ದವು. ಕಾಯಿಲೆ ಬಿದ್ದವರನ್ನೆಲ್ಲ ಕೂರಿಸಿಕೊಂಡು ಕೇಳಿದ್ದರು. ಒಬ್ಬಳು ಹೊಲಿಗೆಯವಳು, ಒಬ್ಬಳು ಟೀಚರು, ಒಬ್ಬಳು ಬಸ್ಸಿನ ಕಂಡಕ್ಟರು. ಬಂದ ದಿನ ಬೇರೆ, ವಯಸ್ಸು ಬೇರೆ, ತೊಂದರೆ ಬೇರೆ. ಅದೇ ದಿನ, ಅದೇ ಮಂಚದಲ್ಲಿ, ಅವರ ಹಿಂದೆಮುಂದೆ ಮಲಗಿ ಎದ್ದವರು ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದಾರೆ. ಇವರಿಗೇ ಯಾಕೆ? ಮೇಡಂಗೆ ತಲೆಬುಡ ತಿಳಿಯುತ್ತಿರಲಿಲ್ಲ.

ಆ ಕಾಯಿಲೆಯವರಲ್ಲಿ ಒಬ್ಬಳು ಅವರ ಒಡಹುಟ್ಟಿದ ತಂಗಿ. ಇದನ್ನು ಮೇಡಂ ಕಚೇರಿಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಬಿಟ್ಟಿದ್ದರೆ ಕೇಸು ಇನ್ನೊಬ್ಬರ ಕೈಗೆ ಹೋಗುತ್ತಿತ್ತು. ಆ ಇನ್ನೊಬ್ಬರು ಊಟ ಮುಗಿಸಿ, ಕೈ ಒರೆಸಿಕೊಂಡು, ನಿಧಾನಕ್ಕೆ ಬರುತ್ತಿದ್ದರು.

ಹೊಟ್ಟೆಯ ಮೇಲಿಟ್ಟುಕೊಂಡಿದ್ದ ಫೋನು ಗುಂಯ್‌ಗುಟ್ಟಿತು. ತಂಗಿಯ ಗಂಡ.

“ಅತ್ತಿಗೆ, ಜ್ವರ ಮತ್ತೆ ಏರಿದೆ. ಸರ್ಜನ್ ಬಂದಿದ್ರು.” ಅವನ ದನಿ ಪಿಸುಮಾತಿನಂತಿತ್ತು. “ಮೊದಲೇ ಸಿಕ್ಕಸಿಕ್ಕ ಔಷಧಿ ಕೊಟ್ಟಿರೋದ್ರಿಂದ ಲ್ಯಾಬಲ್ಲಿ ರಕ್ತ ಇಟ್ಟು ನೋಡಿದ್ರೂ ರೋಗಾಣು ಬೆಳೀತಿಲ್ಲವಂತೆ. ಯಾವ ರೋಗಾಣು ಅಂತ ಗೊತ್ತಾದ್ರೆ ಸರಿಯಾದ ಔಷಧಿ ಹಾಕಬಹುದು. ಇಲ್ಲಾಂದ್ರೆ ನಾಳೆ ಬೆಳಿಗ್ಗೆ ಗರ್ಭಕೋಶನೇ ತೆಗೆದುಬಿಡ್ತೀವಿ, ಜೀವ ಮುಖ್ಯ ಅಂತಿದಾರೆ.”

“ಹ್ಞೂಂ.”

“ಸಹಿ ಮಾಡು ಅಂತಿದಾರೆ ಅತ್ತಿಗೆ. ಅವಳು ಎಚ್ಚರ ಇದಾಳೆ. ನನ್ನ ಮುಖಾನೇ ನೋಡ್ತಿದಾಳೆ.”

“ಇವತ್ತು ಸಹಿ ಮಾಡ್ಬೇಡ. ಬೆಳಿಗ್ಗೆವರೆಗೂ ಟೈಮಿದೆ ಅಲ್ವಾ. ಇಡು.”

ಇಟ್ಟರು. ಮಕ್ಕಳಾಗಲಿಲ್ಲವೆಂದು ವರ್ಷಗಟ್ಟಲೆ ಡಾಕ್ಟರುಗಳ ಮನೆ ಬಾಗಿಲು ಸವೆಸಿದವಳು ತಂಗಿ. ಯಾರಾದರೂ ಎತ್ತರದ ದನಿಯಲ್ಲಿ ಮಾತಾಡಿದರೂ ಕಣ್ಣಲ್ಲಿ ನೀರು ತಂದುಕೊಳ್ಳುವ ಪುಕ್ಕಲಿ. ಒಳಗಿನ ಸ್ಕ್ಯಾನ್ ಅಂದರೆ ಭಯ, ಬೇಡ ಅಕ್ಕಾ ಅಂತ ಅತ್ತಿದ್ದಳು. ‘ಏನೂ ಆಗಲ್ಲ ಹೋಗೇ, ಕಣ್ಣು ಮುಚ್ಚಿ ಬಿಡೋದ್ರಲ್ಲಿ ಮುಗಿಯುತ್ತೆ’ ಅಂತ ಗದರಿಸಿ ಕಳಿಸಿದ್ದು ಅಕ್ಕನೇ.

ಮೇಡಂ ಚಾವಣಿ ನೋಡಿದರು. ಟ್ಯೂಬ್‌ಲೈಟಿನೊಳಗೆ ಸತ್ತ ಹುಳ ಒಂದಿತ್ತು. ಅದು ಮಂಜಾಗತೊಡಗಿತು. ತಡೆದುಕೊಳ್ಳಲು ನೋಡಿದರೆ ಮಡಚಿದ ಮೊಣಕಾಲುಗಳೇ ನಡುಗಲು ಶುರುಮಾಡಿದವು. ಥೂ, ಇದೆಂಥ ಗ್ರಹಚಾರ ಎಂದುಕೊಂಡರು.

“ಇನ್ನೊಂದು ಸಲ ತೋರ್ಸಿ” ಅಂದರು, ಮುಖ ಆ ಕಡೆ ತಿರುಗಿಸಿ.

ಡಾಕ್ಟರಮ್ಮ ನಿಟ್ಟುಸಿರು ಬಿಟ್ಟು ಮತ್ತೆ ಪ್ರೋಬು ಎತ್ತಿಕೊಂಡರು.

ಆಯಾ ಮಾತ್ರ ಮಂಚದ ಪಕ್ಕಕ್ಕೆ ಬಂದಳು. ದಪ್ಪನೆಯ, ಮೆತ್ತನೆಯ ಕೈ. ಮೇಡಂ ಭುಜದ ಮೇಲೆ ಇಟ್ಟು ಎರಡು ಸಲ ತಟ್ಟಿದಳು. ತಟ್ಟಿ, ಸಿಂಕಿನ ಕಡೆ ಇಳಿಬಿಟ್ಟ ಪರದೆಯ ಹಿಂದೆ ಹೋದಳು. ನೀರು ಅಲುಗಿದ ಸದ್ದು ಕೇಳಿಸಿತು. ಹೊಸ ಕವರ್ ಹಿಡಿದು ಹೊರಬಂದಳು. ಎಲ್ಲ ಮೊದಲಿನ ಹಾಗೇ ನಡೆಯಿತು. ಡಾಕ್ಟರಮ್ಮ ಪ್ರೋಬನ್ನು ಅಂಗೈ ಮೇಲಿಟ್ಟರು.

ಮೇಡಂ ದಿಗ್ಗನೆ ಎದ್ದು ಕೂತರು.

“ಬೆಚ್ಚಗಿದೆ.”

“ಏನು?” ಅಂದರು ಡಾಕ್ಟರಮ್ಮ.

“ಜೆಲ್ಲು. ಈಗ ಬೆಚ್ಚಗಿದೆ. ಮೊದಲ ಸಲ ತಣ್ಣಗಿತ್ತು.”

“ಬೆಚ್ಚಗಾ? ಹೇಗೆ ಸಾಧ್ಯ?” ಡಾಕ್ಟರಮ್ಮ ಬೆರಳಿನಿಂದ ಪ್ರೋಬಿನ ತುದಿ ಮುಟ್ಟಿದರು. ಎರಡು ಗ್ಲೌಸಿನ ಒಳಗಿದ್ದ ಬೆರಳಿಗೆ ಬಿಸಿಯೂ ಒಂದೇ, ತಂಪೂ ಒಂದೇ. “ನನಗೇನೂ ಗೊತ್ತಾಗ್ತಿಲ್ಲ.”

ಅವರಿಗೆ ಗೊತ್ತಾಗುವ ಹಾಗೇ ಇರಲಿಲ್ಲ ಎನ್ನುವುದು ಮೇಡಂಗೆ ಹೊಳೆಯಿತು. ಗೊತ್ತಾಗುವುದು ಮಲಗಿದವಳಿಗೆ ಮಾತ್ರ. ಅವಳು ಎದ್ದು, ಬಟ್ಟೆ ಸರಿಮಾಡಿಕೊಂಡು, ತಲೆ ತಗ್ಗಿಸಿ ಮನೆಗೆ ಹೋಗುತ್ತಾಳೆ. ಜೆಲ್ ಬೆಚ್ಚಗಿತ್ತೋ ತಣ್ಣಗಿತ್ತೋ ಎಂದು ಯಾವ ಹೆಂಗಸು ಯಾರ ಹತ್ತಿರ ಹೇಳಿಕೊಂಡಾಳು? ಕೇಳುವ ಬುದ್ಧಿ ಮೇಡಂಗೂ ಬಂದಿರಲಿಲ್ಲ.

ಮಂಚದಿಂದ ಇಳಿದು, ಬರಿಗಾಲಲ್ಲೇ ಹೋಗಿ ಪರದೆ ಸರಿಸಿದರು.

ಸಿಂಕಿನ ಪಕ್ಕದ ಕಟ್ಟೆಯ ಮೇಲೆ ಕೆಟಲ್. ಅದರ ಮಗ್ಗುಲಲ್ಲಿ ಸ್ಟೀಲ್ ಬೋಗುಣಿ. ಬೋಗುಣಿಯ ತುಂಬ ಬಿಸಿನೀರು. ಆ ನೀರಲ್ಲಿ ಜೆಲ್ ಬಾಟಲಿಯೊಂದು ತಲೆಕೆಳಗಾಗಿ, ಮೂತಿ ಮುಳುಗಿಸಿಕೊಂಡು ನಿಂತಿತ್ತು.

“ಇದೇನಮ್ಮಾ?”

ಆಯಾ ಗಾಬರಿಯಾಗಲಿಲ್ಲ. ಮೆಚ್ಚುಗೆಯ ಮಾತು ಬರಬಹುದು ಅಂದುಕೊಂಡವಳ ಹಾಗೆ ಮುಖ ಅರಳಿಸಿದಳು. “ಹೆದರಿಕೊಂಡವರಿಗೆ ಮೇಡಂ. ತಣ್ಣನೇದು ತಾಗಿದ ತಕ್ಷಣ ಪಾಪ, ಮೈ ಬಿಗಿ ಮಾಡ್ಕೊಂಡುಬಿಡ್ತಾರೆ. ಆಮೇಲೆ ನೋವಾಗುತ್ತೆ. ಹೊಸಬರು, ಅಳೋರು, ಕಾಲು ನಡುಗೋರು ಬಂದ್ರೆ ಬೆಚ್ಚನೇದು ಹಾಕ್ತೀನಿ. ಗಟ್ಟಿಗಿತ್ತಿಯರಿಗೆ ಮೇಜಿನ ಮೇಲಿರೋದೇ ಸಾಕು.”

“ತಲೆಕೆಳಗೆ ಯಾಕೆ?”

“ನೆಟ್ಟಗಿಟ್ರೆ ಜೆಲ್ಲು ತಳದಲ್ಲೇ ಕೂರುತ್ತೆ. ಹೀಗಿಟ್ರೆ ಒತ್ತಿದ ತಕ್ಷಣ ಬೀಳುತ್ತೆ.”

“ಈ ನೀರು ಯಾವಾಗ ಬದಲಾಯಿಸ್ತೀರಿ?”

“ಬದಲಾಯ್ಸೋದೇನು? ಆರಿದ್ರೆ ಮೇಲಿಂದ ಒಂದಿಷ್ಟು ಬಿಸಿ ಹೊಯ್ತೀನಿ.”

“ಬಾಟಲಿ?”

“ತಳ ಕಾಣೋ ಹೊತ್ತಿಗೆ ಕ್ಯಾನಿನಿಂದ ತುಂಬಿಸ್ಕೋತೀನಿ.”

“ತೊಳೀತೀರಾ?”

ಆಯಾಗೆ ಆಗ ಎಲ್ಲೋ ಎಡವಿದ್ದು ಗೊತ್ತಾಯಿತು. ಮುಖದ ಬಣ್ಣ ಇಳಿಯಿತು. “ಜೆಲ್ಲು ತಾನೇ ಮೇಡಂ... ಅದ್ರಲ್ಲಿ ತೊಳೆಯೋದೇನಿದೆ?”

ಮೇಡಂ ಕಟ್ಟೆಗೆ ಒರಗಿದರು. ಹೊಲಿಗೆಯವಳು ‘ನಂಗೆ ಅಳುನೇ ಬಂದಿತ್ತು’ ಅಂದಿದ್ದಳು. ಟೀಚರು ಜೀವ ಕೈಯಲ್ಲಿ ಹಿಡಿದು ಮಲಗಿದ್ದಳು. ಕಂಡಕ್ಟರು ಬಸ್ಸಿನಲ್ಲಿ ಎಂಥ ಗಂಡಸರನ್ನೂ ಗದರಿಸಿ ಇಳಿಸುವವಳು, ಈ ಮಂಚದ ಮೇಲೆ ಕಾಲು ನಡುಗಿತು ಎಂದು ನಾಚಿಕೊಂಡು ಹೇಳಿದ್ದಳು. ದಿನ ಬೇರೆ, ವಯಸ್ಸು ಬೇರೆ. ಹೆದರಿದ್ದು ಮಾತ್ರ ಎಲ್ಲರೂ. ಹೆದರಿದವರನ್ನೇ ಆರಿಸಿ ಆರಿಸಿ ಈ ಹೆಂಗಸು ತಲೆ ನೇವರಿಸಿ, ಬದಲಾಯಿಸದ ಬೆಚ್ಚಗಿನ ನೀರಲ್ಲಿ ಬೆಳೆದ ರೋಗಾಣುವನ್ನು ಅವರ ಮೈಯೊಳಕ್ಕೆ ಕಳಿಸಿದ್ದಳು.

ಕಳ್ಳ ಸಿಕ್ಕಾಗ ಆಗಬೇಕಾದ ಖುಷಿ ಮೇಡಂಗೆ ಆಗಲಿಲ್ಲ. ಎಲ್ಲಾದರೂ ಕೂತುಬಿಡಬೇಕು ಅನ್ನಿಸಿತು.

ಡಾಕ್ಟರಮ್ಮ ಮಾತ್ರ ಕೆಂಡವಾಗಿದ್ದರು. “ನಿಂಗೆ ಯಾರು ಹೇಳಿದ್ದು ಇದನ್ನೆಲ್ಲ ಮಾಡು ಅಂತ? ಹ್ಞಾಂ? ನನ್ನ ಹೆಸರು ಮಣ್ಣುಪಾಲು ಮಾಡಿದೆಯಲ್ಲೇ! ಮೇಡಂ, ಕರ್ಕೊಂಡು ಹೋಗಿ ಇವಳನ್ನ. ಈಗಲೇ. ಏನು ಬರ್ಕೊಡ್ಬೇಕೋ ಬರ್ಕೊಡ್ತೀನಿ.”

“ಡಾಕ್ಟರಮ್ಮಾ, ನಾನು ಒಳ್ಳೇದಕ್ಕೆ...”

“ಬಾಯಿ ಮುಚ್ಚು!”

“ನೀವು ಮುಚ್ಚಿ” ಅಂದರು ಮೇಡಂ. ದನಿ ಏರಿಸುವ ಶಕ್ತಿಯೂ ಅವರಿಗಿರಲಿಲ್ಲ. “ಪರದೆ ನಿಮ್ಮ ಕುರ್ಚಿಯಿಂದ ಕೈಯಳತೆಯಲ್ಲಿದೆ. ಇಷ್ಟು ದಿನದಲ್ಲಿ ಒಮ್ಮೆ ಸರಿಸಿ ನೋಡಿದ್ರಾ?”

“ನಾನು ಸ್ಕ್ರೀನ್ ನೋಡಲೋ, ಇವಳ ಅಡುಗೆಮನೆ ನೋಡಲೋ?”

“ಮಲಗಿದವರನ್ನಾದ್ರೂ ಒಂದು ಮಾತು ಕೇಳಬಹುದಿತ್ತು.” ಇನ್ನು ಬಚ್ಚಿಟ್ಟು ಆಗಬೇಕಾದ್ದೇನೂ ಇರಲಿಲ್ಲ. “ಪೇಷಂಟುಗಳಲ್ಲಿ ಒಬ್ಬಳು ನನ್ನ ತಂಗಿ. ನಾಳೆ ಬೆಳಿಗ್ಗೆ ಅವಳ ಗರ್ಭಕೋಶ ತೆಗೀತಾರೆ. ಆ ರೋಗಾಣು ಯಾವುದು ಅಂತ ಇವತ್ತೇ ಗೊತ್ತಾದ್ರೆ ತೆಗೀಬೇಕಾಗಿಲ್ಲ. ಸ್ಯಾಂಪಲ್ ಸಿಕ್ಕಿದ್ರೆ ಲ್ಯಾಬಿನ ಹೊಸ ಯಂತ್ರ ರಾತ್ರಿಯೊಳಗೆ ಹೆಸರು ಹೇಳುತ್ತೆ.”

ಪೇದೆ ಕಣ್ಣು ತೆರೆದಿದ್ದ. ಡಾಕ್ಟರಮ್ಮ ಮೇಡಂ ಮುಖವನ್ನೇ ನೋಡಿದರು, ಕುರ್ಚಿಯ ಮೇಲಿದ್ದ ತಮ್ಮ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡರು.

ಆಯಾ ನೆಲದ ಮೇಲೆ ಕುಸಿದು ಕೂತಿದ್ದಳು. “ತೆಳ್ಳಗಿದ್ರಲ್ಲ, ಕೆನ್ನೆ ಮೇಲೆ ಮಚ್ಚೆ... ಅವರಾ? ನನ್ನ ಕೈ ಬಿಡಲೇ ಇಲ್ಲ ಅವರು. ಅಯ್ಯೋ ನನ್ನ ಕೈ ಸುಟ್ಟು ಹೋಗ್ಲಿ.”

“ಆಮೇಲೆ ಅಳೋರಂತೆ” ಅಂದರು ಮೇಡಂ, ಅವಳ ಎದುರು ಕುಕ್ಕರುಗಾಲಲ್ಲಿ ಕೂತು. “ಈ ಬಾಟ್ಲಿ ಹಳೇದಾ?”

“ಅಲ್ಲ. ಇದನ್ನ ಇವತ್ತು ಬೀರುವಿನಿಂದ ತೆಗೆದೆ. ನೀರೂ ಹೊಸದು.”

“ಹಳೇದು?”

“ಸೀಲು ಹಾಕೋರು ಬಂದ ದಿನ ಬ್ಯಾಗಿಗೆ ಹಾಕ್ಕೊಂಡೆ ಮೇಡಂ. ಕದಿಯೋಕಲ್ಲ, ಆಣೆಗೂ. ಇಲ್ಲಿ ಕೆಲಸ ನಿಂತ ಮೇಲೆ ಡಾಕ್ಟರಮ್ಮ ದೊಡ್ಡಾಸ್ಪತ್ರೆ ಸ್ಕ್ಯಾನ್ ರೂಮಿಗೆ ಹೋಗೋಕೆ ಶುರುಮಾಡಿದ್ರು, ನನ್ನೂ ಕರ್ಕೊಂಡ್ರು. ಅರ್ಧ ತುಂಬಿದ ಬಾಟ್ಲಿ ಯಾಕೆ ಹಾಳು ಮಾಡೋದು ಅಂತ ಅಲ್ಲಿಗೆ ಒಯ್ದೆ. ನಿನ್ನೇನೇ ಕಟ್ಟೆ ಮೇಲಿಟ್ಟು ಬಂದಿದೀನಿ. ಇನ್ನೂ ಯಾರಿಗೂ ಹಾಕಿಲ್ಲ, ಸತ್ಯವಾಗ್ಲೂ. ಅಲ್ಲಿ ಕೆಟಲ್ ಸಿಕ್ಕಿರಲಿಲ್ಲ.”

ದೊಡ್ಡಾಸ್ಪತ್ರೆ. ತಂಗಿ ಮಲಗಿರುವುದೂ ಅಲ್ಲೇ, ಮೇಲಿನ ಮಹಡಿಯಲ್ಲಿ. ಅವಳ ಕಾಯಿಲೆಯ ಹೆಸರು ಅವಳ ಮಂಚದ ನೇರ ಕೆಳಗೆ, ಒಂದು ಬಾಟಲಿಯಲ್ಲಿ ಕೂತಿತ್ತು. ಮೇಡಂ ತಂಗಿಯ ಗಂಡನಿಗೆ ಫೋನು ಹಚ್ಚಿದರು.

ಅವನು ಎರಡನೇ ರಿಂಗಿಗೇ ಎತ್ತಿದ.

“ಕೇಳಿಲ್ಲಿ. ಓಡು. ಕೆಳಗಡೆ ಸ್ಕ್ಯಾನ್ ರೂಮಿಗೆ ಹೋಗು. ಸಿಂಕಿನ ಹತ್ತಿರ ಕಟ್ಟೆ ಮೇಲೆ ಜೆಲ್ ಬಾಟ್ಲಿ ಇರುತ್ತೆ. ಹೇಗಿದೆಯಮ್ಮಾ ಅದು?”

“ಬಿಳೀದು, ನೀಲಿ ಮುಚ್ಚಳ” ಅಂದಳು ಆಯಾ ಮೂಗು ಒರೆಸಿಕೊಳ್ಳುತ್ತಾ. “ಹೊಟ್ಟೆ ಮೇಲೆ ನನ್ನ ಅಂಟುಪಟ್ಟಿ ಸುತ್ತಿದೆ.”

“ಬಿಳೀದು, ನೀಲಿ ಮುಚ್ಚಳ, ಅಂಟುಪಟ್ಟಿ. ಮುಚ್ಚಳ ತೆಗೀಬೇಡ. ಹಾಗೇ ಸರ್ಜನ್ ಕೈಗೆ ಕೊಡು, ಲ್ಯಾಬಿಗೆ ಅಂತ ಹೇಳು. ಫೋನ್ ಇಡ್ಬೇಡ.”

ಮೆಟ್ಟಿಲಿಳಿಯುವ ಚಪ್ಪಲಿ ಸದ್ದು ಫೋನಿನಲ್ಲಿ ಕೇಳತೊಡಗಿತು. ರೂಮಿನೊಳಗೆ ಸಿಗ್ನಲ್ ಹೋಗಿಬರುತ್ತಿತ್ತು. ಮೇಡಂ ಬಾಗಿಲ ಹೊರಗೆ, ಗಾಜು ಒಡೆದ ಮುಂಬಾಗಿಲ ಹತ್ತಿರ ಹೋಗಿ ನಿಂತರು. ಪೇದೆ ಹಿಂದೆಯೇ ಬಂದ. ಹಿಂದಿನಿಂದ ಡಾಕ್ಟರಮ್ಮನ ದನಿ, “ಒಂದ್ನಿಮಿಷ, ಕೈ ತೊಳ್ಕೊಂಡು ಬರ್ತೀನಿ.”

ನಲ್ಲಿ ತಿರುಗಿದ ಸದ್ದಾಯಿತು.

“ಒಳಗೆ ಬಂದೆ ಅತ್ತಿಗೆ. ಇಲ್ಲಿ ನರ್ಸಮ್ಮ ಇದಾರೆ.” ಏದುಸಿರು. ಅತ್ತ ಮಾತು, ಮತ್ತೆ ಮಾತು. “ಅತ್ತಿಗೆ, ಕಟ್ಟೆ ಮೇಲೆ ಏನೂ ಇಲ್ಲ.”

“ಸರಿಯಾಗಿ ನೋಡು. ಕೆಳಗೆ, ಕಸದ ಬುಟ್ಟೀಲಿ ನೋಡು.”

“ಇತ್ತಂತೆ. ಅಂಟುಪಟ್ಟಿ ಸುತ್ತಿದ್ದ ಬಾಟ್ಲಿ ಇತ್ತು ಅಂತಾನೇ ಅಂತಿದಾರೆ.” ತಡವರಿಸಿದ. “ಇವತ್ತು ಬೆಳಿಗ್ಗೆ ಸ್ಕ್ಯಾನ್ ಡಾಕ್ಟರಮ್ಮ ಬಂದು, ಆಯಾ ತಂದ ಬಾಟ್ಲಿ ಯಾವುದು ಅಂತ ಕೇಳಿ, ತಮ್ಮ ಬ್ಯಾಗಿಗೆ ಹಾಕ್ಕೊಂಡು ಹೋದ್ರಂತೆ. ತನಿಖೆ ಮೇಡಂ ಹತ್ತಿರಾನೇ ಹೋಗ್ತಿದೀನಿ, ಅವರಿಗೆ ಬೇಕು ಅಂದ್ರಂತೆ. ನಿಮಗೆ ಕೊಡ್ಲಿಲ್ವಾ ಅತ್ತಿಗೆ?”

ಬೆಚ್ಚಗಾ, ಹೇಗೆ ಸಾಧ್ಯ ಎಂದು ಬೆರಳಿಟ್ಟು ನೋಡಿದ ಡಾಕ್ಟರಮ್ಮನ ಮುಖ ಮೇಡಂ ಕಣ್ಣೆದುರು ಬಂತು. ಗೊತ್ತಿತ್ತು. ರೋಗ ಆ ಬಾಟಲಿಯಲ್ಲೇ ಇದೆಯೆಂದು ಅವರಿಗೆ ಇವತ್ತು ಬೆಳಿಗ್ಗೆಯೇ ಗೊತ್ತಿತ್ತು.

ಒಳಗೆ ನಲ್ಲಿ ಇನ್ನೂ ಸುರಿಯುತ್ತಿತ್ತು. ಕೈ ತೊಳೆಯುವವರ ನೀರು ಹಾಗೆ ಒಂದೇ ಸಮನೆ ಬೀಳುವುದಿಲ್ಲ, ನಿಂತು ನಿಂತು ಬೀಳುತ್ತದೆ.

“ಹಿಡಿ ಅವರನ್ನ!” ಎಂದು ಪೇದೆಗೆ ಕೂಗಿ, ಅವನಿಗಿಂತ ಮುಂಚೆ ತಾವೇ ಓಡಿದರು. ನೆಲದ ಮೇಲೆ ಅಳುತ್ತಾ ಕೂತಿದ್ದ ಆಯಾಳ ಕಾಲು ಎಡವಿ, ಪರದೆಗೆ ಜೋತುಬಿದ್ದು, ಪರದೆಯ ಸಮೇತ ಸಿಂಕಿನ ಮುಂದೆ ಬಂದು ನಿಂತರು.

ಡಾಕ್ಟರಮ್ಮನ ಕೈಯಲ್ಲಿ ಗ್ಲೌಸಿರಲಿಲ್ಲ. ಬ್ಯಾಗು ಕಟ್ಟೆಯ ಮೇಲೆ ಬಾಯ್ತೆರೆದು ಬಿದ್ದಿತ್ತು. ಅಂಟುಪಟ್ಟಿ ಸುತ್ತಿದ ಬಿಳಿ ಬಾಟಲಿಯ ಮುಚ್ಚಳ ಕಿತ್ತು, ಅದನ್ನು ನಲ್ಲಿಯ ಕೆಳಗೆ ಹಿಡಿದು, ಎರಡೂ ಕೈಯಿಂದ ಹಿಂಡುತ್ತಿದ್ದರು.

“ಮೇಡಂ, ನಿಮ್ಮ ತಂಗಿ ಅಂತ ನನಗೆ ಗೊತ್ತಿರ್ಲಿಲ್ಲ” ಅಂದರು. ಅಳುತ್ತಿದ್ದರು. ಅಳುತ್ತಲೇ ಹಿಂಡುತ್ತಿದ್ದರು.

ಮೇಡಂ ಅವರನ್ನು ಮುಟ್ಟಲಿಲ್ಲ. ನಲ್ಲಿಯನ್ನೂ ನಿಲ್ಲಿಸಲಿಲ್ಲ. ಫೋನನ್ನು ಕಟ್ಟೆಯ ಮೇಲಿಟ್ಟು, ಸ್ಯಾಂಪಲ್ಲಿಗೆ ಒಂದು ಹನಿಯಾದರೂ ಉಳಿಯಲೆಂದು ಎರಡೂ ಅಂಗೈಗಳನ್ನು ಸಿಂಕಿನ ತೂತಿನ ಮೇಲೆ ಒತ್ತಿ ಹಿಡಿದರು. ನೀರು ಏರಿ ಮಣಿಕಟ್ಟು ಮುಳುಗಿತು, ಅಂಗಿಯ ತೋಳು ತೊಯ್ದಿತು. ಕಟ್ಟೆಯ ಮೇಲಿಟ್ಟ ಫೋನಿನಲ್ಲಿ ತಂಗಿಯ ಗಂಡ “ಅತ್ತಿಗೆ, ಸಿಕ್ತಾ? ಅವಳಿಗೆ ಏನು ಹೇಳ್ಲಿ?” ಎಂದು ಕೇಳುತ್ತಲೇ ಇದ್ದ. ಬೆರಳ ಸಂದಿಯಲ್ಲಿ ಉಳಿದದ್ದು ಜೆಲ್ಲೋ, ಬರೀ ನೀರೋ, ಅವರಿಗೆ ತಿಳಿಯಲಿಲ್ಲ.